ಹಳೆಯ ಮೆಥಡ್ ತೆಗೆಯುವುದೂ ಟೈಪ್ ಸೇಫ್ಟಿಯ ಕೆಲಸವೇ

ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ದಶಮಾಂಶ ಸಂಖ್ಯೆಗಳನ್ನು ಕರಾರುವಾಕ್ಕಾಗಿ ಇಡುವ ಬಿಗ್‌ಡೆಸಿಮಲ್ ಕ್ಲಾಸಿನಲ್ಲಿ ಸೆಟ್‌ಸ್ಕೇಲ್ ಅಂತ ಒಂದು ಮೆಥಡ್ (ಹೆಸರಿಟ್ಟು ಕರೆಯುವ ಕೋಡ್ ತುಂಡು) ಇದೆ. ಹಣದ ಲೆಕ್ಕಕ್ಕೆ ಕೋಡ್ ಬರೆದವರೆಲ್ಲ ಒಂದಲ್ಲ ಒಂದು ದಿನ ಅದನ್ನು ಕಾಲ್ ಮಾಡಿಯೇ ಇರುತ್ತಾರೆ. ದಶಮಾಂಶದ ಆಚೆ ಎಷ್ಟು ಅಂಕಿ ಬೇಕು, ಮಿಕ್ಕಿದ್ದನ್ನು ಹೇಗೆ ರೌಂಡ್ ಮಾಡಬೇಕು ಅಂತ ಹೇಳಿದರೆ ಸಂಖ್ಯೆಯನ್ನು ಹಾಗೆ ಮಾಡಿಕೊಡುತ್ತದೆ. ಅದರ ಹಳೆಯ ರೂಪ ಈ ಎರಡನ್ನೂ ಇಂಟ್ (ಬರೀ ಪೂರ್ಣಾಂಕ) ಆಗಿಯೇ ಕೇಳುತ್ತದೆ. ರೌಂಡಿಂಗ್‌ನ ಒಂದೊಂದು ವಿಧಾನಕ್ಕೂ ಒಂದೊಂದು ನಂಬರ್: 0 ಅಂದರೆ ಅಪ್, 1 ಡೌನ್, 2 ಸೀಲಿಂಗ್, 3 ಫ್ಲೋರ್, 4 ಹಾಫ್ ಅಪ್, ಹೀಗೆ 7ರ ತನಕ. ಸೆಟ್‌ಸ್ಕೇಲ್(2, 4) ಅಂದರೆ ಎರಡು ದಶಮಾಂಶ, ಹಾಫ್ ಅಪ್. ಸೆಟ್‌ಸ್ಕೇಲ್(4, 2) ಅಂದರೆ ನಾಲ್ಕು ದಶಮಾಂಶ, ಸೀಲಿಂಗ್. ಎರಡೂ ಕಂಪೈಲ್ ಆಗುತ್ತವೆ, ಎರಡೂ ಓಡುತ್ತವೆ, ಎರಡೂ ಒಂದು ಉತ್ತರ ಕೊಡುತ್ತವೆ. ಬರೆದವರ ಮನಸ್ಸಿನಲ್ಲಿದ್ದದ್ದು ಯಾವುದು ಅಂತ, ಓಡುವ ಮೊದಲೇ ಕೋಡನ್ನು ಪರೀಕ್ಷಿಸಿ ಅನುವಾದಿಸುವ ಕಂಪೈಲರಿಗೆ ತಿಳಿಯುವ ದಾರಿಯೇ ಇಲ್ಲ.

ಇದಕ್ಕೆ ಮದ್ದು 2004ರಲ್ಲೇ ಬಂತು. ಜಾವಾ 5ರಲ್ಲಿ ಭಾಷೆಗೆ ಈನಮ್, ಅಂದರೆ ಹೆಸರಿಟ್ಟ ಕೆಲವೇ ಆಯ್ಕೆಗಳ ಪಟ್ಟಿ, ಸೇರಿತು. ಅದರ ಜೊತೆಯಲ್ಲೇ ರೌಂಡಿಂಗ್‌ಮೋಡ್ ಎಂಬ ಈನಮ್ ಕೂಡ ಬಂತು, ಅದನ್ನು ಎರಡನೆಯ ಆರ್ಗ್ಯುಮೆಂಟ್ ಆಗಿ ಕೇಳುವ ಹೊಸ ಸೆಟ್‌ಸ್ಕೇಲ್ ಬಂತು. ಅದರಲ್ಲಿ ಹಿಂದುಮುಂದಾಗಿ ಕೊಟ್ಟರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಆದರೆ ಹಳೆಯ ಇಂಟ್ ರೂಪಕ್ಕೆ ಡೆಪ್ರಿಕೇಟೆಡ್, ಅಂದರೆ ಇದನ್ನು ಇನ್ನು ಬಳಸಬೇಡಿ, ಅನ್ನುವ ಗುರುತು ಬಿದ್ದದ್ದು 2017ರಲ್ಲಿ, ಜಾವಾ 9ರಲ್ಲಿ. ನಡುವಿನ ಹದಿಮೂರು ವರ್ಷ ಎರಡೂ ಅಕ್ಕಪಕ್ಕ, ಸಮಾನ ಮರ್ಯಾದೆಯಲ್ಲಿ ಇದ್ದವು. ಎಡಿಟರಿನಲ್ಲಿ ಚುಕ್ಕಿ ಒತ್ತಿದರೆ ಎರಡೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬರುತ್ತಿದ್ದವು. ನಾನು ಜಾವಾ ಕಲಿತು ಕೆಲಸಕ್ಕೆ ಸೇರಿದ್ದು ಆ ಕಾಲದಲ್ಲೇ. ಯಾವುದನ್ನು ಬಿಡಬೇಕು ಅಂತ ಹೇಳುವ ಒಂದು ಗೆರೆಯೂ ಅಲ್ಲಿರಲಿಲ್ಲ.

ನಾನೀಗ ಬೆಂಗಳೂರಿನ ಒಂದು ಕಂಪನಿಯಲ್ಲಿ, ಎಲ್ಲ ಟೀಮುಗಳೂ ಬಳಸುವ ಒಂದು ಜಾವಾ ಲೈಬ್ರರಿ ನೋಡಿಕೊಳ್ಳುತ್ತೇನೆ. ಹಣ, ಗ್ರಾಹಕರ ಐಡಿ, ಆರ್ಡರ್, ರಿಫಂಡ್, ಇವೆಲ್ಲ ಅದರ ಮೂಲಕವೇ ಹಾದು ಹೋಗುತ್ತವೆ. ಈಚೆಗೆ ಅದರ ಅತಿ ಹಳೆಯ ಮೆಥಡ್‌ಗಳನ್ನು ಪೂರ್ತಿ ತೆಗೆದೆವು. ಆ ಕೆಲಸದ ಉದ್ದಕ್ಕೂ ನನಗೆ ಗಟ್ಟಿಯಾಗುತ್ತ ಬಂದ ಒಂದು ಅಭಿಪ್ರಾಯವಿದೆ, ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಹೊಸ ಟೈಪ್, ಅಂದರೆ ಒಂದು ಮೌಲ್ಯ ಯಾವ ಬಗೆಯದು ಅಂತ ಕಂಪೈಲರಿಗೆ ಹೇಳುವ ಹೆಸರು, ಸೇರಿಸುವುದು ಅರ್ಧ ಕೆಲಸ. ಹಳೆಯ ಸಡಿಲ ಮೆಥಡ್ ಲೈಬ್ರರಿಯಲ್ಲಿ ಉಳಿದಿರುವ ತನಕ ಹೊಸ ಟೈಪ್ ಕೊಡುವ ಭರವಸೆಯನ್ನು ಯಾರೂ ಪೂರ್ತಿ ನಂಬುವ ಹಾಗಿಲ್ಲ. ಹಳೆಯದನ್ನು ತೆಗೆಯುವುದನ್ನು ಬಹಳ ಜನ ಕಸ ಗುಡಿಸುವ ಕೆಲಸ ಅಂತ ಎಣಿಸಿ ಮುಂದಿನ ಸ್ಪ್ರಿಂಟ್‌ಗೆ ತಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಟೈಪ್ ಸೇಫ್ಟಿ, ಅಂದರೆ ಒಂದು ಬಗೆಯ ಮೌಲ್ಯದ ಜಾಗಕ್ಕೆ ಇನ್ನೊಂದು ಹೋಗದಂತೆ ಕಂಪೈಲರ್ ಕಾಯುವುದು, ಬರುವುದೇ ಅಲ್ಲಿ.

ನಮ್ಮ ಹಳೆಯ ಮೆಥಡ್ ಹೇಗಿತ್ತು ಅಂತ ಹೇಳುತ್ತೇನೆ. ಚಾರ್ಜ್ ಅಂತ ಹೆಸರು. ಗ್ರಾಹಕರ ಐಡಿ ಒಂದು ಲಾಂಗ್ (ದೊಡ್ಡ ಪೂರ್ಣಾಂಕ), ಆರ್ಡರ್ ಐಡಿ ಇನ್ನೊಂದು ಲಾಂಗ್, ಮೊತ್ತ ಡಬಲ್ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆ). ಮೊದಲ ಎರಡನ್ನು ಅದಲು ಬದಲು ಮಾಡಿದರೆ ಕಂಪೈಲರ್ ಕೇಳುವುದಿಲ್ಲ. ಮೊತ್ತದ ಕಥೆ ಇನ್ನೂ ಕೆಟ್ಟದ್ದು. ಪೇಮೆಂಟ್ ಗೇಟ್‌ವೇಗಳಲ್ಲಿ ಕೆಲವು ಮೊತ್ತವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಕೇಳುತ್ತವೆ. ಯುಪಿಐ ಲಿಂಕಿನಲ್ಲಿ ಅದೇ ಮೊತ್ತ ರೂಪಾಯಿಯಲ್ಲಿ, ದಶಮಾಂಶದೊಂದಿಗೆ ಹೋಗುತ್ತದೆ. ಹಾಗಾಗಿ ಕೋಡಿನಲ್ಲಿ ಎರಡೂ ಬಗೆಯ ಸಂಖ್ಯೆ ಓಡಾಡುತ್ತಿರುತ್ತವೆ. ಡಬಲ್ ರೂಪಾಯಿ ಬೇಕಾದ ಕಡೆ ಲಾಂಗ್ ಪೈಸೆ ಕೊಟ್ಟರೆ ಜಾವಾ ತಾನಾಗಿಯೇ ಅದನ್ನು ಡಬಲ್ ಮಾಡಿಕೊಂಡು ಒಪ್ಪಿಬಿಡುತ್ತದೆ, ವಾರ್ನಿಂಗ್ ಕೂಡ ಕೊಡುವುದಿಲ್ಲ. ನೂರು ಪಟ್ಟು ವ್ಯತ್ಯಾಸ. ಇದಲ್ಲದೆ ಡಬಲ್‌ನದೇ ಸ್ವಭಾವ ಒಂದಿದೆ: 19.99 ಅನ್ನು 100ರಿಂದ ಗುಣಿಸಿದರೆ 1998.9999999999998 ಬರುತ್ತದೆ. ಅದನ್ನು ಲಾಂಗ್‌ಗೆ ಕಾಸ್ಟ್ ಮಾಡಿದರೆ, ಅಂದರೆ ಪೂರ್ಣಾಂಕಕ್ಕೆ ಬದಲಿಸಿದರೆ, 1998. ಒಂದು ಪೈಸೆ ಎಲ್ಲಿ ಹೋಯಿತು ಅಂತ ಅಕೌಂಟ್ಸ್‌ನವರು ತಿಂಗಳ ಕೊನೆಯಲ್ಲಿ ಬಂದು ಕೇಳುತ್ತಾರೆ. ಅವರಿಗೆ ಒಂದು ಪೈಸೆಯ ವ್ಯತ್ಯಾಸವೂ ವ್ಯತ್ಯಾಸವೇ, ಮತ್ತು ಅವರು ಹೇಳುವುದೇ ಸರಿ.

ಹೊಸದು ಬರೆದದ್ದು ಜಾವಾದ ರೆಕಾರ್ಡ್ (ಕೆಲವು ಮೌಲ್ಯಗಳನ್ನು ಕಟ್ಟಿಡುವ ಪುಟ್ಟ ಕ್ಲಾಸ್) ಬಳಸಿ. ಜಾವಾ 16ರಲ್ಲಿ, 2021ರಲ್ಲಿ ರೆಕಾರ್ಡ್ ಪಕ್ಕಾ ಆದ ಮೇಲೆ ಇಂಥ ಪುಟ್ಟ ಟೈಪ್‌ಗಳನ್ನು ಬರೆಯುವುದು ಒಂದೊಂದು ಸಾಲಿನ ಕೆಲಸ. ಕಸ್ಟಮರ್‌ಐಡಿ ಒಂದು, ಆರ್ಡರ್‌ಐಡಿ ಒಂದು, ಮನಿ ಒಂದು. ಒಳಗೆ ಅದೇ ಲಾಂಗ್ ಇದ್ದರೂ ಹೊರಗಿನ ಹೆಸರು ಬೇರೆ, ಒಂದರ ಜಾಗಕ್ಕೆ ಇನ್ನೊಂದು ಹೋಗುವುದಿಲ್ಲ. ಮನಿ ಮಾತ್ರ ಸ್ವಲ್ಪ ತಲೆ ತಿಂದಿತು. ಎರಡು ಸಮವೇ ಅಂತ ನೋಡಲು ರೆಕಾರ್ಡ್ ತಾನೇ ಬರೆದುಕೊಡುವ ಈಕ್ವಲ್ಸ್, ಒಳಗಿನ ಬಿಗ್‌ಡೆಸಿಮಲ್‌ನ ಈಕ್ವಲ್ಸನ್ನೇ ಕೇಳುತ್ತದೆ. ಬಿಗ್‌ಡೆಸಿಮಲ್‌ಗೆ 2.0 ಮತ್ತು 2.00 ಸಮ ಅಲ್ಲ, ಯಾಕೆಂದರೆ ಸ್ಕೇಲ್, ಅಂದರೆ ದಶಮಾಂಶದ ಆಚೆಯ ಅಂಕಿಗಳ ಎಣಿಕೆ, ಬೇರೆ. ಹಾಗಾಗಿ ಮೌಲ್ಯವನ್ನು ಕಟ್ಟುವ ಕನ್‌ಸ್ಟ್ರಕ್ಟರ್‌ನಲ್ಲೇ ಕರೆನ್ಸಿಯ ದಶಮಾಂಶಕ್ಕೆ ತಕ್ಕಂತೆ ಸ್ಕೇಲ್ ಕೂರಿಸುತ್ತೇವೆ: ರೂಪಾಯಿಗೆ ಎರಡು, ಜಪಾನಿನ ಯೆನ್‌ಗೆ ಸೊನ್ನೆ, ಕುವೈತ್ ದಿನಾರ್‌ಗೆ ಮೂರು. ಅದಕ್ಕೆ ಬಳಸುವ ರೌಂಡಿಂಗ್‌ಮೋಡ್ ಅನ್‌ನೆಸೆಸರಿ. ಅಂದರೆ ರೌಂಡ್ ಮಾಡಬೇಕಾದ ಸಂಖ್ಯೆ ಬಂದರೆ ತಾನಾಗಿ ಏನನ್ನೂ ಕತ್ತರಿಸದೆ ಎಕ್ಸೆಪ್ಷನ್ ಎಸೆಯುತ್ತದೆ, ತಪ್ಪಾಗಿದೆ ಅಂತ ಹೇಳಿ ನಿಲ್ಲುತ್ತದೆ. ಹಣವನ್ನು ಎಲ್ಲಿ, ಹೇಗೆ ರೌಂಡ್ ಮಾಡಬೇಕು ಅನ್ನುವುದು ವ್ಯವಹಾರ ಗೊತ್ತಿದ್ದವರು ತೆಗೆದುಕೊಳ್ಳಬೇಕಾದ ತೀರ್ಮಾನ. ಒಂದು ಟೈಪಿನ ಕನ್‌ಸ್ಟ್ರಕ್ಟರ್ ಅದನ್ನು ಸದ್ದಿಲ್ಲದೆ ಮಾಡಿ ಮುಗಿಸಬಾರದು.

ಇದಿಷ್ಟನ್ನು ಲೈಬ್ರರಿಗೆ ಸೇರಿಸಿದ ಮೇಲೆ, ಇನ್ನೇನು, ಸೇಫ್ ಆಯಿತಲ್ಲ ಅನ್ನುವ ಮಾತು ಬಂತು. ಆಗಿರಲಿಲ್ಲ. ರಿಫಂಡ್ ಕೋಡ್ ಓದುವವರು ಅಲ್ಲಿ ಮನಿ ಟೈಪ್ ನೋಡಿ, ಈ ಮೊತ್ತ ಸರಿಯಾಗಿಯೇ ಇದೆ ಅಂತ ನಂಬುತ್ತಾರೆ. ಆದರೆ ಹಳೆಯ ಚಾರ್ಜ್ ಇನ್ನೂ ಇದೆ. ಯಾವುದೋ ಸರ್ವಿಸ್ ಅದರ ಮೂಲಕ ಡಬಲ್ ಕೊಟ್ಟು, ಒಳಗೆ ಅದನ್ನು ಮನಿಗೆ ತಿರುಗಿಸಿ, ಡೇಟಾಬೇಸ್‌ನಲ್ಲಿ ಬರೆದು, ಅಲ್ಲಿಂದ ರಿಫಂಡ್‌ಗೆ ಬಂದಿರುತ್ತದೆ. ಪೈಸೆ ಕಳೆದದ್ದು ಟೈಪ್ ಒಳಗೆ ಬರುವ ಮೊದಲೇ. ಟೈಪ್ ನೋಡಿ ನಂಬಿದವರಿಗೆ ಅದು ಕಾಣುವುದಿಲ್ಲ. ಮೊದಲು ಎಲ್ಲವೂ ಡಬಲ್ ಇದ್ದಾಗ ಜನ ಕನಿಷ್ಠ ಅನುಮಾನದಿಂದ ನೋಡುತ್ತಿದ್ದರು. ಅರ್ಧಂಬರ್ಧ ಟೈಪ್ ಆ ಅನುಮಾನವನ್ನೂ ತೆಗೆದುಬಿಡುತ್ತದೆ.

ಇನ್ನೊಂದು ಗುಂಡಿ ಓವರ್‌ಲೋಡ್, ಅಂದರೆ ಒಂದೇ ಹೆಸರಿನ, ಬೇರೆ ಬೇರೆ ಟೈಪ್ ಕೇಳುವ ಮೆಥಡ್‌ಗಳು. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಲೈಬ್ರರಿ ಬರೆಯುವವರು ಮತ್ತೆ ಮತ್ತೆ ಇದೇ ದಾರಿ ಹಿಡಿಯುವುದನ್ನು ನೋಡಿದ್ದೇನೆ. ಹಳೆಯ ಮೆಥಡ್ ಫೈಂಡ್ ಅಂತ, ಆಬ್ಜೆಕ್ಟ್, ಅಂದರೆ ಯಾವ ಬಗೆಯದನ್ನಾದರೂ, ತೆಗೆದುಕೊಳ್ಳುತ್ತದೆ ಅಂದುಕೊಳ್ಳಿ. ಹೊಸದಕ್ಕೂ ಫೈಂಡ್ ಅಂತಲೇ ಹೆಸರಿಟ್ಟು, ಕಸ್ಟಮರ್‌ಐಡಿ ತೆಗೆದುಕೊಳ್ಳುವ ಹಾಗೆ ಬರೆದು, ಹಳೆಯದಕ್ಕೆ ಡೆಪ್ರಿಕೇಟೆಡ್ ಹಾಕುತ್ತಾರೆ. ನೋಡಲು ಚೆನ್ನಾಗಿದೆ. ಈಗ ಯಾರೋ ಕೈತಪ್ಪಿ ಆರ್ಡರ್‌ಐಡಿ ಕೊಟ್ಟರು. ಹೊಸ ಫೈಂಡ್ ಅದನ್ನು ಒಪ್ಪುವುದಿಲ್ಲ. ಆದರೆ ಕಂಪೈಲರ್ ಅಲ್ಲಿಗೆ ನಿಲ್ಲಿಸದೆ, ಇದಕ್ಕೆ ಹೊಂದುವ ಇನ್ನೊಂದು ಇದೆಯಲ್ಲ ಅಂತ ಹಳೆಯದರ ಕಡೆ ಹೋಗುತ್ತದೆ. ಎರರ್ ಆಗಬೇಕಾದ್ದು ಒಂದು ವಾರ್ನಿಂಗ್ ಆಗಿ, ಸಾವಿರ ವಾರ್ನಿಂಗ್‌ಗಳ ನಡುವೆ ಮುಳುಗುತ್ತದೆ. ಹೊಸ ಟೈಪ್ ಯಾವ ತಪ್ಪನ್ನು ಹಿಡಿಯಲೆಂದು ಬಂತೋ ಅದೇ ತಪ್ಪನ್ನು ಹಳೆಯ ಮೆಥಡ್ ಹಿಂಬಾಗಿಲಿನಿಂದ ಒಳಗೆ ಬಿಡುತ್ತದೆ. ಆದ್ದರಿಂದ ಹೊಸದಕ್ಕೆ ಬೇರೆ ಹೆಸರು ಇಡಬೇಕು. ನಮ್ಮಲ್ಲಿ ಫೈಂಡ್‌ಕಸ್ಟಮರ್ ಅಂತ ಇಟ್ಟೆವು. ಹೆಸರು ಉದ್ದವಾಯಿತು ಅಂತ ರಿವ್ಯೂನಲ್ಲಿ ಒಬ್ಬರು ಗೊಣಗಿದರು. ಉದ್ದವಾಗಲಿ.

ಇದಕ್ಕೆ ಅಂಟಿಕೊಂಡ ಇನ್ನೊಂದು ವಿಷಯ ಮ್ಯಾಪ್, ಅಂದರೆ ಕೀ ಕೊಟ್ಟರೆ ಅದರ ಜೊತೆ ಇಟ್ಟ ಮೌಲ್ಯ ಕೊಡುವ ಪಟ್ಟಿ. ಇಂಥ ಪಟ್ಟಿಯೊಳಗೆ ಯಾವ ಟೈಪ್ ಇರಬೇಕು ಅಂತ ಹೇಳುವ ಜೆನೆರಿಕ್ಸ್ ಬಂದದ್ದೂ ಜಾವಾ 5ರಲ್ಲೇ. ಆದರೆ ಮ್ಯಾಪ್‌ನ ಗೆಟ್, ಕೀ ಯಾವ ಟೈಪ್ ಇದ್ದರೂ, ಇವತ್ತಿಗೂ ಆಬ್ಜೆಕ್ಟನ್ನೇ ತೆಗೆದುಕೊಳ್ಳುತ್ತದೆ. ಕಂಟೇನ್ಸ್, ರಿಮೂವ್ ಕೂಡ ಹಾಗೇ. ನೀವು ಕೀಯನ್ನು ಲಾಂಗ್‌ನಿಂದ ಕಸ್ಟಮರ್‌ಐಡಿಗೆ ಬದಲಿಸಿದಿರಿ ಅನ್ನಿ. ಪುಟ್ ಮಾಡುವ ಕಡೆಯೆಲ್ಲ ಕಂಪೈಲರ್ ಕೂಗುತ್ತದೆ, ನೀವು ಸರಿ ಮಾಡುತ್ತೀರಿ. ಗೆಟ್ ಮಾಡುವ ಕಡೆ ಹಳೆಯ ಲಾಂಗ್ ಹಾಗೇ ಉಳಿದಿದ್ದರೂ ಕಂಪೈಲ್ ಆಗುತ್ತದೆ. ಓಡಿಸಿದಾಗ ಪ್ರತಿಸಲ ನಲ್, ಅಂದರೆ ಏನೂ ಇಲ್ಲ ಅನ್ನುವ ಉತ್ತರ, ಬರುತ್ತದೆ. ಆ ನಲ್ ಅನ್ನು ಕ್ಯಾಶ್‌ನಲ್ಲಿ (ಬೇಗ ಸಿಗಲೆಂದು ಹತ್ತಿರ ಇಟ್ಟ ಪ್ರತಿಯಲ್ಲಿ) ಇಲ್ಲ ಅಂತ ಓದಿಕೊಳ್ಳುವ ಕೋಡ್ ಆಗಿದ್ದರೆ ಪ್ರತಿಸಲ ಡೇಟಾಬೇಸ್‌ಗೆ ಹೋಗಿ ಕೇಳುತ್ತದೆ. ಉತ್ತರ ಸರಿಯಾಗಿಯೇ ಬರುವುದರಿಂದ ಟೆಸ್ಟುಗಳೆಲ್ಲ ಹಸಿರು, ಡೇಟಾಬೇಸ್ ಮಾತ್ರ ಏದುಸಿರು ಬಿಡುತ್ತಿರುತ್ತದೆ. ಎರರ್ ಪ್ರೋನ್ ಅನ್ನುವ ಗೂಗಲ್‌ನ ಟೂಲ್‌ನಲ್ಲಿ ಇದನ್ನೇ ಹಿಡಿಯುವ ಚೆಕ್ ಇದೆ, ಕಲೆಕ್ಷನ್‌ಇನ್‌ಕಂಪ್ಯಾಟಿಬಲ್‌ಟೈಪ್ ಅಂತ. ಐಡಿಗಳ ಟೈಪ್ ಬದಲಿಸುವ ಮುನ್ನ ಅದನ್ನು ಆನ್ ಮಾಡಿಕೊಳ್ಳಿ, ಆಮೇಲೆ ಅಲ್ಲ. ಇದು ನಾನು ಕೊಡುವ ಅತಿ ಮುಖ್ಯ ಸಲಹೆ.

ಡೆಪ್ರಿಕೇಟೆಡ್ ಅನ್ನುವ ಗುರುತಿಗೆ ಈಗ ಬೆಲೆ ಕಡಿಮೆ. ಅದಕ್ಕೆ ಕಾರಣ ಜಾವಾದ ಇತಿಹಾಸದಲ್ಲೇ ಇದೆ. 1997ರ ಜೆಡಿಕೆ (ಜಾವಾದ ಕಂಪೈಲರ್, ಲೈಬ್ರರಿಗಳ ಕಿಟ್) 1.1ರಲ್ಲಿ ಡೇಟ್ ಕ್ಲಾಸಿನ ಅನೇಕ ಮೆಥಡ್‌ಗಳಿಗೆ ಈ ಗುರುತು ಬಿತ್ತು. ವರ್ಷ, ತಿಂಗಳು, ದಿನ ಮೂರನ್ನೂ ಇಂಟ್ ಆಗಿ ಕೇಳುವ ಕನ್‌ಸ್ಟ್ರಕ್ಟರ್ ಅದರಲ್ಲೊಂದು. ವರ್ಷವನ್ನು 1900ರಿಂದ ಎಣಿಸಬೇಕು, ತಿಂಗಳನ್ನು ಸೊನ್ನೆಯಿಂದ, ದಿನವನ್ನು ಒಂದರಿಂದ. 2024, 0, 15 ಅಂತ ಕೊಟ್ಟರೆ ನಿಮಗೆ ಸಿಗುವುದು 3924ನೆಯ ಇಸವಿಯ ಜನವರಿ 15. ಆ ಕನ್‌ಸ್ಟ್ರಕ್ಟರ್ ಇವತ್ತಿಗೂ ಅಲ್ಲೇ ಇದೆ, ಇವತ್ತಿಗೂ ಓಡುತ್ತದೆ. ಇಷ್ಟು ವರ್ಷ ಏನೂ ಆಗದ ಎಚ್ಚರಿಕೆಯನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಜೊತೆಗೆ ಜಾವಾ ಕಂಪೈಲರ್ ತಾನಾಗಿ ಹೇಳುವುದು, ಕೆಲವು ಫೈಲುಗಳು ಡೆಪ್ರಿಕೇಟೆಡ್ ಎಪಿಐ ಬಳಸುತ್ತಿವೆ ಅಂತ ಒಂದೇ ಸಾಲು. ಎಲ್ಲಿ, ಯಾವುದು ಅಂತ ತಿಳಿಯಲು ಲಿಂಟ್ ಆಯ್ಕೆ ಬೇರೆ ಕೊಡಬೇಕು. ಪಕ್ಕದ ಟೀಮಿನ ಹುಡುಗ ಒಮ್ಮೆ ನನಗೆ ನೇರವಾಗಿಯೇ ಹೇಳಿದ: "ಮೇಡಂ, ವಾರ್ನಿಂಗ್ ತಾನೇ, ಎರರ್ ಬಂದಾಗ ನೋಡ್ಕೊಳೋಣ ಬಿಡಿ." ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಅವನಿಗೆ ಹಾಗೆ ಕಲಿಸಿದ್ದು ನಮ್ಮಂಥ ಲೈಬ್ರರಿಯವರೇ.

ಜಾವಾ 9ರಲ್ಲಿ ಇದನ್ನು ಸರಿಪಡಿಸುವ ಪ್ರಯತ್ನ ನಡೆಯಿತು. ಜಾವಾ ತಂಡದ ಸ್ಟುವರ್ಟ್ ಮಾರ್ಕ್ಸ್ ಮುಂದೆ ನಿಂತು ಮಾಡಿಸಿದ ಜೆಇಪಿ 277 (ಜೆಇಪಿ ಅಂದರೆ ಜಾವಾವನ್ನು ಸುಧಾರಿಸುವ ಅಧಿಕೃತ ಪ್ರಸ್ತಾವ) ಅದು. ಗುರುತಿಗೆ ಎರಡು ವಿವರ ಸೇರಿದವು: ಯಾವ ಆವೃತ್ತಿಯಿಂದ, ಮತ್ತು ಮುಂದೆ ತೆಗೆದೇ ಬಿಡುತ್ತೇವೋ ಇಲ್ಲವೋ. ಎರಡನೆಯದರ ಹೆಸರು ಫಾರ್‌ರಿಮೂವಲ್. ಅದು ಟ್ರೂ ಇದ್ದರೆ ವಾರ್ನಿಂಗ್ ಯಾರೂ ಕೇಳದೆಯೇ ಬರುತ್ತದೆ. ಹಳೆಯ ಡೆಪ್ರಿಕೇಷನ್ ವಾರ್ನಿಂಗ್ ಬಾಯಿ ಮುಚ್ಚಿಸಲು ಎಂದೋ ಹಾಕಿಟ್ಟ ಸಪ್ರೆಸ್‌ವಾರ್ನಿಂಗ್ಸ್ ಇದನ್ನು ತಡೆಯುವುದಿಲ್ಲ, ರಿಮೂವಲ್ ಅಂತ ಬೇರೆಯೇ ಬರೆಯಬೇಕು. ಈ ಕೊನೆಯ ವಿಚಾರ ಬಹಳ ಯೋಚನೆ ಮಾಡಿ ಮಾಡಿದ್ದು. ಇದನ್ನು ಬಿಟ್ಟುಬಿಡಿ ಅನ್ನುವುದಕ್ಕೂ ಇದು ಹೋಗುತ್ತಿದೆ ಅನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಭಾಷೆಯೇ ಒಪ್ಪಿಕೊಂಡಂತಾಯಿತು. ಜೊತೆಗೆ ಜೆಡೆಪ್ರ್‌ಸ್ಕ್ಯಾನ್ ಅನ್ನುವ ಟೂಲ್ ಕೂಡ ಬಂತು. ಕಂಪೈಲ್ ಆದ ಕೋಡನ್ನು ಕಟ್ಟಿಟ್ಟ ಜಾರ್ ಫೈಲ್ ಕೊಟ್ಟರೆ ಅದು ಜೆಡಿಕೆಯ ಯಾವ ಯಾವ ಹಳೆಯ ಮೆಥಡ್ ಬಳಸುತ್ತಿದೆ ಅಂತ ಪಟ್ಟಿ ಮಾಡಿಕೊಡುತ್ತದೆ.

ಜಾವಾ 9ರಲ್ಲೇ ಗುರುತು ಬಿದ್ದ ಇನ್ನೊಂದನ್ನು ನಾನು ಹೊಸಬರಿಗೆ ಯಾವಾಗಲೂ ತೋರಿಸುತ್ತೇನೆ: ಒಂದು ಕ್ಲಾಸಿನ ಹೊಸ ಆಬ್ಜೆಕ್ಟ್ ಕಟ್ಟಿಕೊಡುವ, ಕ್ಲಾಸ್‌ನ ನ್ಯೂಇನ್‌ಸ್ಟನ್ಸ್. ಕನ್‌ಸ್ಟ್ರಕ್ಟರ್ ಒಳಗಿಂದ ಯಾವ ಚೆಕ್ಡ್ ಎಕ್ಸೆಪ್ಷನ್ (ಹಿಡಿಯಲೇಬೇಕು ಅಂತ ಕಂಪೈಲರ್ ಒತ್ತಾಯಿಸುವ ಬಗೆ) ಬಂದರೂ ಅದು ಹಾಗೇ ಹೊರಗೆ ದಾಟಿಸುತ್ತದೆ. ಕಾಲ್ ಮಾಡಿದವರು ಅದನ್ನು ಹಿಡಿಯಬೇಕು ಅಂತ ಕಂಪೈಲರಿಗೆ ಗೊತ್ತೇ ಆಗುವುದಿಲ್ಲ. ಬದಲಿಗೆ ಕನ್‌ಸ್ಟ್ರಕ್ಟರನ್ನು ಪಡೆದು ಅದರ ಮೇಲೆ ನ್ಯೂಇನ್‌ಸ್ಟನ್ಸ್ ಕಾಲ್ ಮಾಡಿದರೆ ಅದೇ ಎಕ್ಸೆಪ್ಷನ್ ಇನ್ನೊಂದರೊಳಗೆ ಸುತ್ತಿಕೊಂಡು ಬರುತ್ತದೆ, ಕಂಪೈಲರ್ ಹಿಡಿಯಲೇಬೇಕು ಅನ್ನುತ್ತದೆ. ಥ್ರೆಡ್‌ನ (ಒಂದೇ ಪ್ರೋಗ್ರಾಮಿನಲ್ಲಿ ಜೊತೆಜೊತೆಗೆ ಓಡುವ ಕೆಲಸಗಳಲ್ಲಿ ಒಂದರ) ಸ್ಟಾಪ್‌ಗೆ ಥ್ರೋಯಬಲ್ (ಎಸೆಯಬೇಕಾದ ಎಕ್ಸೆಪ್ಷನ್) ಕೊಡುವ ರೂಪದಲ್ಲೂ ಇದೇ ದೋಷವಿತ್ತು. ಯಾವ ಎಕ್ಸೆಪ್ಷನ್ ಬರಲು ಸಾಧ್ಯವೇ ಇಲ್ಲ ಅಂತ ಕಂಪೈಲರ್ ಪರೀಕ್ಷಿಸಿತ್ತೋ ಅದನ್ನೇ ಇನ್ನೊಂದು ಥ್ರೆಡ್ಡಿನೊಳಗೆ ಎಸೆಯಬಹುದಿತ್ತು. ಜಾವಾ 8ರಲ್ಲಿ ಅದರ ಹಲ್ಲು ಕಿತ್ತರು, 2018ರ ಜಾವಾ 11ರಲ್ಲಿ ಪೂರ್ತಿ ತೆಗೆದರು. ಆರ್ಗ್ಯುಮೆಂಟ್ ಇಲ್ಲದ ಸ್ಟಾಪ್‌ಗೆ 1998ರಲ್ಲೇ ಗುರುತು ಬಿದ್ದಿತ್ತು. ಅದು ನಿಜವಾಗಿ ಕೆಲಸ ನಿಲ್ಲಿಸಿ ಎಕ್ಸೆಪ್ಷನ್ ಎಸೆಯಲು ಶುರು ಮಾಡಿದ್ದು 2023ರ ಜಾವಾ 20ರಲ್ಲಿ. ಇಪ್ಪತ್ತೈದು ವರ್ಷ ಹಿಡಿಯಿತು ಅಂತ ಬೇಸರವಾಗುತ್ತದೆ, ಆದರೆ ಮುಟ್ಟಿಸಿದರಲ್ಲ ಅಂತ ಗೌರವವೂ ಇದೆ.

ಈಗ ನಮ್ಮಂಥವರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ವಿಷಯ: ಸೋರ್ಸ್ ಕಂಪೈಲ್ ಆದ ಮಾತ್ರಕ್ಕೆ ಜಾರ್ ಓಡುತ್ತದೆ ಅಂತಿಲ್ಲ. ಕಂಪೈಲ್ ಆದ ರೂಪವಾದ ಜಾವಾ ಬೈಟ್‌ಕೋಡ್‌ನಲ್ಲಿ ಒಂದು ಮೆಥಡ್ಡಿನ ಗುರುತು ಅಂದರೆ ಅದರ ಹೆಸರು, ಆರ್ಗ್ಯುಮೆಂಟ್‌ಗಳ ಟೈಪ್, ಮತ್ತು ಹಿಂದಿರುಗಿಸುವ ಟೈಪ್, ಮೂರೂ ಸೇರಿ. ಲಿಸ್ಟ್ ಕೇಳುತ್ತಿದ್ದ ಮೆಥಡ್ಡನ್ನು, ಲಿಸ್ಟನ್ನೂ ಒಳಗೊಳ್ಳುವ ಕಲೆಕ್ಷನ್ ಕೇಳುವ ಹಾಗೆ ಉದಾರ ಮಾಡಿದಿರಿ ಅನ್ನಿ. ಎಲ್ಲರ ಸೋರ್ಸೂ ಹಾಗೇ ಕಂಪೈಲ್ ಆಗುತ್ತದೆ. ಮರುಕಂಪೈಲ್ ಮಾಡದ ಹಳೆಯ ಜಾರ್ ಮಾತ್ರ ಲಿಸ್ಟ್ ತೆಗೆದುಕೊಳ್ಳುವುದನ್ನೇ ಹುಡುಕಿ, ಸಿಗದೆ, ನೋಸಚ್‌ಮೆಥಡ್‌ಎರರ್ ಎಸೆಯುತ್ತದೆ. ಅದೂ ಆ ಸಾಲು ಓಡುವ ಕ್ಷಣದಲ್ಲಿ, ಪ್ರೊಡಕ್ಷನ್‌ನಲ್ಲಿ.

ಜೆಡಿಕೆಯಲ್ಲೇ ಇದರ ಒಳ್ಳೆಯ ಉದಾಹರಣೆ ಇದೆ. ಬೈಟ್‌ಬಫರ್‌ನ ಫ್ಲಿಪ್ ಮೊದಲು ಬಫರ್ ಟೈಪ್ ಹಿಂದಿರುಗಿಸುತ್ತಿತ್ತು. ಜಾವಾ 9ರಲ್ಲಿ ಅದನ್ನು ಬೈಟ್‌ಬಫರ್ ಹಿಂದಿರುಗಿಸುವ ಹಾಗೆ ಬಿಗಿ ಮಾಡಿದರು. ಟೈಪ್ ದೃಷ್ಟಿಯಿಂದ ಒಳ್ಳೆಯ ಬದಲಾವಣೆ, ಕಾಸ್ಟ್ ಮಾಡುವ ತಾಪತ್ರಯ ತಪ್ಪಿತು. ಹಳೆಯ ಜಾರ್‌ಗಳು ಹೊಸ ಜಾವಾದಲ್ಲಿ ಓಡಲು ತೊಂದರೆಯಿಲ್ಲ. ತೊಂದರೆ ತಿರುಗಾಮುರುಗಾ: ಹೊಸ ಜೆಡಿಕೆಯಲ್ಲಿ ಸೋರ್ಸ್ 8, ಟಾರ್ಗೆಟ್ 8 ಅಂತ ಕೊಟ್ಟು ಬಿಲ್ಡ್ ಮಾಡಿ, ಅದನ್ನು ಜಾವಾ 8ರಲ್ಲಿ ಓಡಿಸಿದವರಿಗೆ ಫ್ಲಿಪ್ ಸಿಗಲೇ ಇಲ್ಲ. ರಿಲೀಸ್ 8 ಅನ್ನುವ ಆಯ್ಕೆ ಕೊಟ್ಟಿದ್ದರೆ ಸಿಗುತ್ತಿತ್ತು, ಯಾಕೆಂದರೆ ಅದು ಹಳೆಯ ಜೆಡಿಕೆಯ ಮೆಥಡ್‌ಗಳ ಎದುರಿಗೇ ಕಂಪೈಲ್ ಮಾಡುತ್ತದೆ. ಟೈಪನ್ನು ಬಿಗಿ ಮಾಡುವುದಿರಲಿ ಸಡಿಲ ಮಾಡುವುದಿರಲಿ, ಬೈಟ್‌ಕೋಡ್‌ನ ಕಣ್ಣಿಗೆ ಅದು ಹೊಸ ಮೆಥಡ್. ಅದಕ್ಕೇ ನಾವು ಇರುವ ಮೆಥಡ್ಡಿನ ಟೈಪ್ ಬದಲಿಸುವುದಿಲ್ಲ, ಹೊಸದನ್ನು ಬರೆದು ಹಳೆಯದನ್ನು ಕಳಿಸಿಕೊಡುತ್ತೇವೆ.

ಕಳಿಸಿಕೊಡುವುದರಲ್ಲಿ ಎರಡು ಪ್ರಸಿದ್ಧ ಲೈಬ್ರರಿಗಳು ಎರಡು ದಾರಿ ಹಿಡಿದವು. ಅಪಾಚೆ ಕಾಮನ್ಸ್ ಲ್ಯಾಂಗ್ 2011ರಲ್ಲಿ 3.0 ತಂದಾಗ ಜಾವಾ 5ರ ಜೆನೆರಿಕ್ಸ್ ಒಳಗೆ ಬಂತು, ಡೆಪ್ರಿಕೇಟ್ ಆಗಿದ್ದವು ಹೊರಗೆ ಹೋದವು. ಜಾವಾಕ್ಕೆ ಈನಮ್ ಇಲ್ಲದಿದ್ದ ಕಾಲದಲ್ಲಿ ಅವರೇ ಕಟ್ಟಿಕೊಂಡಿದ್ದ ಈನಮ್ ಕ್ಲಾಸ್ ಕೂಡ ಹೋಯಿತು. ಮುಖ್ಯ ವಿಷಯ ಅಂದರೆ ಪ್ಯಾಕೇಜಿನ ಹೆಸರನ್ನೇ ಲ್ಯಾಂಗ್‌3 ಅಂತ ಬದಲಿಸಿದರು. ಹಾಗಾಗಿ ಒಂದೇ ಕ್ಲಾಸ್‌ಪಾತ್‌ನಲ್ಲಿ (ಪ್ರೋಗ್ರಾಂ ಲೈಬ್ರರಿಗಳನ್ನು ಹುಡುಕುವ ಜಾಗದಲ್ಲಿ) ಹಳೆಯದೂ ಹೊಸದೂ ಜಗಳವಿಲ್ಲದೆ ಕೂರುತ್ತವೆ. ಗೂಗಲ್‌ನ ಗ್ವಾವಾ ಲೈಬ್ರರಿ ಪ್ಯಾಕೇಜ್ ಹೆಸರನ್ನು ಹಾಗೇ ಇಟ್ಟುಕೊಂಡು ಒಳಗಿನದನ್ನು ತೆಗೆಯುತ್ತ ಬಂತು. ಸ್ಟಾಪ್‌ವಾಚ್‌ನ ಪಬ್ಲಿಕ್ ಕನ್‌ಸ್ಟ್ರಕ್ಟರ್‌ಗೆ ಆವೃತ್ತಿ 15ರಲ್ಲಿ ಗುರುತು ಹಾಕಿ 17ರಲ್ಲಿ ಮುಚ್ಚಿದರು. ಭಾರಿ ಪ್ರಮಾಣದ ಡೇಟಾ ಸಂಭಾಳಿಸುವ ಹಡೂಪ್, ಎಚ್‌ಬೇಸ್‌ನ ಹಳೆಯ ಕೋಡ್ ಅದನ್ನೇ ಕರೆಯುತ್ತಿತ್ತು. ಒಂದೇ ಅಪ್ಲಿಕೇಶನ್‌ನಲ್ಲಿ ಹೊಸ ಗ್ವಾವಾ ಬೇಕಾದ ಲೈಬ್ರರಿಯೂ ಹಡೂಪೂ ಸೇರಿದರೆ ಇಲ್ಲೀಗಲ್‌ಆಕ್ಸೆಸ್‌ಎರರ್. ಆ ಸ್ಟ್ಯಾಕ್ ಟ್ರೇಸ್ ಎಷ್ಟೋ ಜನರಿಗೆ ಇನ್ನೂ ಬಾಯಿಪಾಠ ಇರಬಹುದು. ಆಮೇಲೆ ಗ್ವಾವಾದವರು ತಮ್ಮ ನಿಯಮವನ್ನೇ ಬದಲಿಸಿದರು: ಬೀಟಾ (ಇನ್ನೂ ಬದಲಾಗಬಹುದು ಅನ್ನುವ) ಗುರುತು ಇಲ್ಲದ್ದನ್ನು ಕೊನೆಯ ಸಲ ತೆಗೆದದ್ದು 21.0ರಲ್ಲಿ, ಇನ್ನು ಮುಂದೆ ತೆಗೆಯುವುದಿಲ್ಲ.

ಕಂಪನಿಯೊಳಗಿನ ಲೈಬ್ರರಿಗೆ ಈ ಎರಡೂ ದಾರಿ ಅಷ್ಟಾಗಿ ಹೊಂದುವುದಿಲ್ಲ ಅನ್ನುವುದು ನನ್ನ ಅನುಭವ. ಜಗತ್ತಿಗೆ ಕೊಟ್ಟ ಲೈಬ್ರರಿಯವರಿಗೆ ತಮ್ಮನ್ನು ಯಾರು ಕಾಲ್ ಮಾಡುತ್ತಾರೆ ಅಂತ ಗೊತ್ತಿಲ್ಲ. ನಮಗೆ ಗೊತ್ತು, ಎಲ್ಲ ರೆಪೋಗಳೂ (ಟೀಮುಗಳ ಕೋಡ್ ಇರುವ ಭಂಡಾರಗಳು) ಕಣ್ಣೆದುರಿಗೇ ಇವೆ. ಗೊತ್ತಿದ್ದ ಮೇಲೆ ಒಂದು ಮೇಲ್ ಹಾಕಿ, ಇಂಥ ದಿನದೊಳಗೆ ಬದಲಿಸಿಕೊಳ್ಳಿ ಅಂತ ಹೇಳಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಬದಲಾವಣೆ ಬೇಕು ಅಂದವರು ನಾವು, ಕೆಲಸವೂ ನಮ್ಮದೇ. ಓಪನ್‌ರೀರೈಟ್ ಅನ್ನುವ ಟೂಲ್ ಇದಕ್ಕೆ ಹೇಳಿ ಮಾಡಿಸಿದ್ದು. ಹಳೆಯ ಕಾಲ್ ಹೀಗಿದ್ದರೆ ಹೊಸದನ್ನು ಹೀಗೆ ಬರೆ ಅಂತ ರೆಸಿಪಿ ಕೊಟ್ಟರೆ, ಟೈಪ್‌ಗಳನ್ನು ಅರ್ಥ ಮಾಡಿಕೊಂಡು ಕೋಡನ್ನು ತಿದ್ದುತ್ತದೆ. ಮೊದಲು ಹೇಳಿದ ಬಿಗ್‌ಡೆಸಿಮಲ್ ನಂಬರುಗಳನ್ನು ರೌಂಡಿಂಗ್‌ಮೋಡ್‌ಗೆ ಬದಲಿಸುವ ರೆಸಿಪಿ ಅದರಲ್ಲಿ ಸಿದ್ಧವಾಗಿಯೇ ಇದೆ. ನಮ್ಮ ಚಾರ್ಜ್‌ಗೆ ನಾವೇ ಬರೆದುಕೊಂಡೆವು. ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸುವುದು ನಾವು, ರಿವ್ಯೂ ಮಾಡಿ ಒಪ್ಪಿಸುವುದು ಆಯಾ ಟೀಮು.

ಎಲ್ಲವನ್ನೂ ಟೂಲ್ ತಿದ್ದಲಾರದು. ಒಂದು ಲಾಂಗ್ ವೇರಿಯಬಲ್ ಸಿಕ್ಕಿದರೆ ಅದು ಪೈಸೆಯೋ ರೂಪಾಯಿಯೋ ಅಂತ ಟೂಲ್‌ಗೂ ಗೊತ್ತಾಗುವುದಿಲ್ಲ. ಹೆಸರು ಅಮೌಂಟ್ ಅಂತ ಇರುತ್ತದೆ, ಅಷ್ಟೇ. ಅಂಥ ಕಡೆ ಆ ಟೀಮಿನವರ ಪಕ್ಕ ಕೂತು, ಈ ಸಂಖ್ಯೆ ಎಲ್ಲಿಂದ ಬರುತ್ತದೆ ಅಂತ ಹಿಂದಕ್ಕೆ ಹಿಂದಕ್ಕೆ ಹೋಗಿ ನೋಡಿದೆವು. ಕೆಲವೊಮ್ಮೆ ಆ ಕೋಡ್ ಬರೆದವರು ಕಂಪನಿ ಬಿಟ್ಟು ಎಷ್ಟೋ ಕಾಲವಾಗಿರುತ್ತದೆ. ಈಗಿರುವವರು, "ಇದು ಹಿಂದಿನಿಂದ ಹಿಂಗೇ ಇದೆ, ನಾವ್ಯಾರೂ ಮುಟ್ಟಿಲ್ಲ" ಅನ್ನುತ್ತಾರೆ. ನಿಧಾನದ ಕೆಲಸ. ಆದರೆ ಇಡೀ ಪ್ರಯತ್ನದಲ್ಲಿ ನಿಜವಾದ ದೋಷಗಳು ಸಿಕ್ಕಿದ್ದು ಇಲ್ಲೇ. ಮೆಥಡ್ ಸತ್ತಿದೆ, ಎಲ್ಲರೂ ಬದಲಿಸಿಕೊಳ್ಳಿ ಅಂತ ಮೇಲ್ ಹಾಕಿ ಸುಮ್ಮನಾಗಿದ್ದರೆ ಒಬ್ಬೊಬ್ಬರೂ ತಮಗೆ ತೋಚಿದಂತೆ ಮನಿಯೊಳಗೆ ಆ ಲಾಂಗನ್ನು ತುಂಬಿ ಬಿಲ್ಡ್ ಹಸಿರು ಮಾಡಿಕೊಳ್ಳುತ್ತಿದ್ದರು. ತಪ್ಪು ಸಂಖ್ಯೆ ಸರಿಯಾದ ಟೈಪ್ ಹೊತ್ತು ಓಡಾಡುತ್ತಿತ್ತು.

ಜಾವಾದ ಜೊತೆ ಬಳಸಬಹುದಾದ ಕೋಟ್ಲಿನ್ ಭಾಷೆಯವರ ಒಂದು ಸೌಲಭ್ಯ ಜಾವಾದಲ್ಲೂ ಇರಬೇಕಿತ್ತು ಅನ್ನಿಸುತ್ತದೆ. ಅಲ್ಲಿ ಡೆಪ್ರಿಕೇಟೆಡ್‌ಗೆ ಮೂರು ಮೆಟ್ಟಿಲು: ವಾರ್ನಿಂಗ್, ಎರರ್, ಹಿಡನ್. ಕೊನೆಯದಕ್ಕೆ ಬಂದಾಗ ಹೊಸ ಸೋರ್ಸ್‌ಗೆ ಆ ಮೆಥಡ್ ಕಾಣುವುದೇ ಇಲ್ಲ, ಆದರೆ ಈಗಾಗಲೇ ಕಂಪೈಲ್ ಆದ ಜಾರ್‌ಗಳಿಗೆ ಸಿಗುತ್ತದೆ. ಜೊತೆಗೆ ರೀಪ್ಲೇಸ್‌ವಿತ್ ಅಂತ ಬದಲಿ ಕೋಡನ್ನು ಗುರುತಿನೊಳಗೇ ಬರೆದಿಡಬಹುದು, ಎಡಿಟರ್ ಒಂದು ಕೀ ಒತ್ತಿದರೆ ತಿದ್ದಿಕೊಡುತ್ತದೆ. ಗುರುತು ಹಾಕಿದವರೇ ಬದಲಿಯನ್ನೂ ಕೊಡಬೇಕು ಅನ್ನುವ ಶಿಸ್ತು ಭಾಷೆಯೊಳಗೇ ಬಂದುಬಿಟ್ಟಿದೆ. ಜಾವಾದಲ್ಲಿ ನಾವು ಅದನ್ನು ಕಾಮೆಂಟಿನಲ್ಲಿ ಬರೆಯುತ್ತೇವೆ. ನಮ್ಮ ನಿಯಮ ಇಷ್ಟೇ: ಬದಲಿ ಕೋಡ್ ನಕಲು ಮಾಡಿ ಅಂಟಿಸಬಹುದಾದ ರೂಪದಲ್ಲಿ ಇಲ್ಲದಿದ್ದರೆ ಗುರುತು ಹಾಕುವ ಪುಲ್ ರಿಕ್ವೆಸ್ಟನ್ನು ಒಪ್ಪುವುದಿಲ್ಲ.

ಹಾಗಂತ ಹಳೆಯದೆಲ್ಲ ಹೋಗಲೇಬೇಕು ಅನ್ನುವವಳಲ್ಲ ನಾನು. ಹೆಸರು ಚೆನ್ನಾಗಿಲ್ಲ, ಶೈಲಿ ಹಳೆಯದು, ಈಗ ಇದಕ್ಕಿಂತ ಚೆಂದದ ರೀತಿ ಇದೆ, ಇಂಥ ಕಾರಣಕ್ಕೆ ನಾಲ್ಕು ಟೀಮಿನ ಬಿಲ್ಡ್ ಮುರಿಯುವುದು ದೌರ್ಜನ್ಯ. ನಾನು ಕೇಳಿಕೊಳ್ಳುವುದು ಒಂದೇ: ಈ ಮೆಥಡ್ ಉಳಿದರೆ ಹೊಸ ಟೈಪ್ ಹಿಡಿಯಬೇಕಾದ ತಪ್ಪು ಇದರ ಮೂಲಕ ಒಳಗೆ ಬರುತ್ತದೆಯೇ? ಬರುತ್ತದೆ ಅಂದರೆ ಹೋಗಬೇಕು. ಇಲ್ಲವಾದರೆ ಇರಲಿ, ಅದರ ಪಾಡಿಗೆ ಅದು.

ಈಗ ಕೈಯಲ್ಲಿರುವುದು ಅದೇ ಲೈಬ್ರರಿಯ ಜೊತೆಗಿರುವ, ಪೈಥಾನ್ ಭಾಷೆಯಲ್ಲಿರುವ ಭಾಗ, ಅಲ್ಲಿನ ಯುಟಿಸಿನೌ. ಡೇಟ್‌ಟೈಮ್‌ನ ಈ ಮೆಥಡ್‌ಗೆ 2023ರ ಪೈಥಾನ್ 3.12ರಲ್ಲಿ ಗುರುತು ಬಿತ್ತು. ಅದು ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯವನ್ನೇ ಕೊಡುತ್ತದೆ, ಆದರೆ ಯಾವ ಟೈಮ್‌ಝೋನ್ ಅಂತ ಬರೆದುಕೊಡುವುದಿಲ್ಲ. ಅದರ ಮೇಲೆ, ಸಮಯವನ್ನು ಸೆಕೆಂಡುಗಳ ಎಣಿಕೆಯಾಗಿ ಕೊಡುವ ಟೈಮ್‌ಸ್ಟ್ಯಾಂಪ್ ಕಾಲ್ ಮಾಡಿದರೆ ಪೈಥಾನ್ ಅದನ್ನು ಆ ಮೆಷಿನ್ನಿನ ಸ್ಥಳೀಯ ಸಮಯ ಅಂತ ತಿಳಿಯುತ್ತದೆ. ಬೆಂಗಳೂರಿನ ಲ್ಯಾಪ್‌ಟಾಪ್‌ನಲ್ಲಿ ಉತ್ತರ ಐದೂವರೆ ಗಂಟೆ ಹಿಂದಕ್ಕೆ, ಅಂದರೆ 19,800 ಸೆಕೆಂಡ್ ಕಡಿಮೆ ಬರುತ್ತದೆ. ಯುಟಿಸಿಗೆ ಇಟ್ಟಿರುವ ಸರ್ವರ್‌ನಲ್ಲಿ ಸರಿಯಾಗಿಯೇ ಬರುತ್ತದೆ. ಜಾವಾ 8ರ ಹೊಸ ಟೈಮ್ ಲೈಬ್ರರಿಯಲ್ಲಿ ಝೋನ್ ಇಲ್ಲದ ಲೋಕಲ್‌ಡೇಟ್‌ಟೈಮ್ ಬೇರೆ, ಇನ್‌ಸ್ಟಂಟ್ ಬೇರೆ, ಕಂಪೈಲರ್ ಎರಡನ್ನೂ ಬೆರೆಸಲು ಬಿಡುವುದಿಲ್ಲ. ಪೈಥಾನ್‌ನಲ್ಲಿ ಝೋನ್ ಇರುವುದೂ ಇಲ್ಲದ್ದೂ ಒಂದೇ ಕ್ಲಾಸ್, ಹಾಗಾಗಿ ಟೈಪ್ ಚೆಕ್ಕರ್‌ಗೆ ವ್ಯತ್ಯಾಸ ಕಾಣದು. ಎರಡರಲ್ಲಿ ಯಾವುದು ಮೊದಲು ಅಂತ ಹೋಲಿಸಿದರೆ ಓಡುವಾಗ ಟೈಪ್‌ಎರರ್ ಬರುತ್ತದೆ. ಸಮವೇ ಅಂತ ಕೇಳಿದರೆ ಎರರ್ ಇಲ್ಲ, ಫಾಲ್ಸ್ ಅಂತ ಬಂದುಬಿಡುತ್ತದೆ.

ಆದ್ದರಿಂದ ಲೈಬ್ರರಿಯ ಹೊರಗಿನ ಫಂಕ್ಷನ್‌ಗಳಿಗೆ ನಮ್ಮದೇ ಒಂದು ಪುಟ್ಟ ಟೈಪ್ ಬರೆದಿದ್ದೇವೆ, ಝೋನ್ ಇಲ್ಲದ್ದನ್ನು ಕೊಟ್ಟರೆ ಅದು ಕಟ್ಟಿಕೊಳ್ಳುವುದೇ ಇಲ್ಲ. ನಮ್ಮ ಹಳೆಯ ಫಂಕ್ಷನ್‌ಗಳಿಗೆ ಪೈಥಾನ್ 3.13ರ ಡೆಪ್ರಿಕೇಟೆಡ್ ಡೆಕೊರೇಟರ್ (ಫಂಕ್ಷನ್ ತಲೆಯ ಮೇಲೆ ಬರೆಯುವ ಗುರುತು) ಹಾಕಿದ್ದೇವೆ, ಅದನ್ನು ಟೈಪ್ ಚೆಕ್ಕರ್ ಕೂಡ ಓದುವುದರಿಂದ ಕೋಡ್ ಓಡುವ ಮೊದಲೇ ಕಾಲ್ ಮಾಡಿದವರಿಗೆ ತಿಳಿಯುತ್ತದೆ. ಯುಟಿಸಿನೌ ಅನ್ನೇ ತಡೆಯಲು, ಪೈಥಾನ್ ಕೋಡ್ ಪರೀಕ್ಷಿಸುವ ರಫ್ ಅನ್ನುವ ಟೂಲ್‌ನ ಡಿಟಿಝಡ್003 ನಿಯಮ ಆನ್ ಮಾಡಿದ್ದೇವೆ. ಉಳಿದಿರುವುದು ಡೇಟಾಬೇಸ್‌ನಲ್ಲಿ ಝೋನ್ ಇಲ್ಲದೆ ಕೂತಿರುವ ಹಳೆಯ ಸಾಲುಗಳು. ಅವುಗಳಲ್ಲಿ ಲ್ಯಾಪ್‌ಟಾಪ್‌ನಿಂದ ಓಡಿಸಿದ ಸ್ಕ್ರಿಪ್ಟ್ ಬರೆದದ್ದು ಯಾವುದು, ಸರ್ವರ್ ಬರೆದದ್ದು ಯಾವುದು ಅಂತ ಬೇರ್ಪಡಿಸುವ ಕೆಲಸ ಮುಂದಿನ ವಾರ ಶುರು.